ಬಿಬಿ ಥ್ರೆಡ್ ಟ್ಯಾಪಿಂಗ್, ಫೇಸಿಂಗ್: ಶಿವಮೊಗ್ಗ ಕಡೆಯ ಸೈಕಲ್ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಮಳೆಯಲ್ಲಿ ಸೈಕಲ್ಲಿನ ಚೈನ್, ಬ್ರೇಕ್ ಪ್ಯಾಡ್ ಸವೆಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದೆ ಹಾಳಾಗುವುದು ಪೆಡಲಿನ ಆಕ್ಸಲ್ ಕೂರುವ ಜಾಗ, ಅಂದರೆ ಬಾಟಮ್ ಬ್ರಾಕೆಟ್, ಚಿಕ್ಕದಾಗಿ ಬಿಬಿ. ಸೀಟ್ ಟ್ಯೂಬಿನಿಂದ ಇಳಿದ ನೀರು, ಚಕ್ರ ಎರಚಿದ ಕೆಂಪು ರಾಡಿ ಎಲ್ಲ ಬಂದು ನಿಲ್ಲುವುದು ಅಲ್ಲೇ. ಬೇರಿಂಗ್ ಹೋದರೆ ಹೊಸದು ಹಾಕಬಹುದು, ಬೇರಿಂಗ್ ಹಿಡಿದುಕೊಳ್ಳುವ ಥ್ರೆಡ್ (ಸ್ಕ್ರೂವಿನಂಥ ಎಳೆಗಳು) ಹೋದರೆ ಫ್ರೇಮೇ ಹೋದ ಲೆಕ್ಕ. ತೀರ್ಥಹಳ್ಳಿ, ಸಾಗರ, ಹೊಸನಗರ, ಭದ್ರಾವತಿಯ ಸವಾರರೂ ಊರಿನ ರಿಪೇರಿ ಅಂಗಡಿಯವರೂ ಈ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಟ್ಯಾಪಿಂಗ್, ಫೇಸಿಂಗ್ ಮಾಡುವ ಟೂಲ್‌ಗಳು ಲೋಹವನ್ನು ತೆಗೆಯುತ್ತವೆ, ತೆಗೆದ ಲೋಹ ವಾಪಸ್ ಬರುವುದಿಲ್ಲ. ಮೊದಲು ಅಳತೆ, ಆಮೇಲೆ ಕತ್ತರಿಸುವುದು, ಅದೂ ಬೇಕಾದಷ್ಟು ಮಾತ್ರ.

ಬಿಬಿ ಶೆಲ್ ಅಂದರೆ ಯಾವ ಭಾಗ? ಟ್ಯಾಪಿಂಗ್, ಫೇಸಿಂಗ್ ಅಂದರೆ ಏನು ಮಾಡುತ್ತಾರೆ?

ಸೀಟ್ ಟ್ಯೂಬ್, ಡೌನ್ ಟ್ಯೂಬ್, ಹಿಂದಿನ ಚಕ್ರದ ಕಡೆ ಹೋಗುವ ಎರಡು ಚೈನ್ ಸ್ಟೇ, ಇವೆಲ್ಲ ಬಂದು ಸೇರುವ ಅಡ್ಡ ಕೊಳವೆಯೇ ಬಾಟಮ್ ಬ್ರಾಕೆಟ್ ಶೆಲ್. ಅಂಗಡಿ ಮಾತಿನಲ್ಲಿ ಬಿಬಿ ಶೆಲ್. ಅದರ ಎರಡೂ ಬಾಯಿಯ ಒಳಗೆ ಥ್ರೆಡ್ ಇರುತ್ತದೆ. ಬೇರಿಂಗ್ ಇರುವ ಕಪ್ಪುಗಳು ಆ ಥ್ರೆಡ್ಡಿನಲ್ಲಿ ಕೂರುತ್ತವೆ, ನಡುವೆ ಆಕ್ಸಲ್ ಹಾಯುತ್ತದೆ. ಕಪ್ಪು, ಬೇರಿಂಗ್‌ಗಳ ಈ ಜೋಡಣೆಗೇ ಬಿಬಿ ಎನ್ನುತ್ತಾರೆ.

ಟ್ಯಾಪಿಂಗ್ ಎಂದರೆ ಆ ಥ್ರೆಡ್ಡನ್ನು ಕತ್ತರಿಸುವುದು, ಅಥವಾ ಇದ್ದ ಥ್ರೆಡ್ಡಿನಲ್ಲಿ ಸೇರಿದ ಪೇಂಟ್, ತುಕ್ಕು, ಮಡಚಿದ ಅಂಚುಗಳನ್ನು ತೆಗೆದು ಮತ್ತೆ ಚೊಕ್ಕ ಮಾಡುವುದು. ಫೇಸಿಂಗ್ ಎಂದರೆ ಶೆಲ್ಲಿನ ಎರಡೂ ಹೊರ ಮುಖಗಳನ್ನು ಥ್ರೆಡ್ಡಿನ ನಡುಗೆರೆಗೆ ಸರಿಯಾಗಿ 90 ಡಿಗ್ರಿಯಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಬರುವಂತೆ ತೆಳುವಾಗಿ ಹೆರೆಯುವುದು. ಬಾಗಿಲಿನ ಮೇಲಿನ ಕೀಲು, ಕೆಳಗಿನ ಕೀಲು ಒಂದೇ ನೇರದಲ್ಲಿ ಇಲ್ಲದಿದ್ದರೆ ಎಷ್ಟು ಎಣ್ಣೆ ಹಾಕಿದರೂ ಬಾಗಿಲು ಹಗುರಾಗುವುದಿಲ್ಲವಲ್ಲ, ಇಲ್ಲಿಯೂ ಅದೇ ಕಥೆ. ಎರಡು ಬೇರಿಂಗ್ ಒಂದೇ ನೇರದಲ್ಲಿ ಇರಬೇಕು. ಈ ಟೂಲ್‌ಗಳೆಲ್ಲ ಇರುವುದು ಅಷ್ಟಕ್ಕೆ.

ಹೊಸ ಫ್ರೇಮಿಗೂ ಇದು ಬೇಕಾ? ಕಂಪನಿಯಲ್ಲೇ ಮಾಡಿ ಕಳಿಸುವುದಿಲ್ಲವಾ?

ಕಳಿಸುತ್ತಾರೆ, ಆದರೆ ಎಲ್ಲರೂ ಒಂದೇ ಥರ ಮಾಡುವುದಿಲ್ಲ. ಶೆಲ್ಲಿಗೆ ಥ್ರೆಡ್ ಹಾಕಿದ ಮೇಲೆ ಅದಕ್ಕೆ ನಾಲ್ಕು ಕಡೆಯಿಂದ ಪೈಪು ವೆಲ್ಡ್ ಮಾಡುತ್ತಾರೆ. ವೆಲ್ಡಿಂಗಿನ ಬಿಸಿಗೆ ಶೆಲ್ ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ, ದುಂಡಗಿದ್ದದ್ದು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಪೇಂಟ್ ಅಥವಾ ಪೌಡರ್ ಕೋಟಿಂಗ್ ಮಾಡುವಾಗ ಬಾಯಿಗೆ ಸರಿಯಾಗಿ ಮುಚ್ಚಳ ಹಾಕದಿದ್ದರೆ ಥ್ರೆಡ್ಡಿನೊಳಗೂ ಬಣ್ಣ ಕೂರುತ್ತದೆ. ಒಳ್ಳೆಯ ತಯಾರಕರು ಇದೆಲ್ಲ ಮುಗಿದ ಮೇಲೆ ಇನ್ನೊಮ್ಮೆ ಟ್ಯಾಪ್ ಓಡಿಸಿ ಫೇಸ್ ಮಾಡುತ್ತಾರೆ.

ಪರೀಕ್ಷೆ ಸುಲಭ. ಕಪ್ಪಿಗೆ ಗ್ರೀಸ್ ಹಚ್ಚಿ ಬರೀ ಬೆರಳಿನಲ್ಲಿ ತಿರುಗಿಸಿ. ನಾಲ್ಕೈದು ಸುತ್ತು ಸಲೀಸಾಗಿ ಹೋದರೆ ಥ್ರೆಡ್ ಚೆನ್ನಾಗಿದೆ, ಟ್ಯಾಪ್ ಮುಟ್ಟಬೇಡಿ. ಎರಡನೇ ಸುತ್ತಿಗೇ ಪಾನಾ ಬೇಕಾದರೆ ನಿಲ್ಲಿಸಿ, ಬ್ಯಾಟರಿ ಬೆಳಕು ಹಾಕಿ ಒಳಗೆ ನೋಡಿ. ಹಳೆ ಫ್ರೇಮಿಗೆ ಊರಿನಲ್ಲೇ ಪೌಡರ್ ಕೋಟಿಂಗ್ ಮಾಡಿಸಿದವರಿಗೆ ಈ ತೊಂದರೆ ಬಂದೇ ಬರುತ್ತದೆ. ಕೋಟಿಂಗಿಗೆ ಕೊಡುವ ಮೊದಲು ಶೆಲ್ಲಿಗೆ ಹಳೆಯ ಕಪ್ಪುಗಳನ್ನು ತಿರುಗಿಸಿ ಮುಚ್ಚಿ ಕೊಟ್ಟರೆ ಅರ್ಧ ಕೆಲಸ ಉಳಿಯುತ್ತದೆ.

ಘಾಟಿ ಹತ್ತುವಾಗ ಕೆಳಗಿಂದ ಕಟಕ್ ಕಟಕ್ ಅಂತದೆ ಮಾರಾಯ್ರೆ. ಫೇಸಿಂಗ್ ಮಾಡಿಸಿದರೆ ಹೋಗುತ್ತಾ?

ಹೋಗಲೂಬಹುದು, ಆದರೆ ಅಲ್ಲಿಂದ ಶುರು ಮಾಡಬೇಡಿ. ಫ್ರೇಮಿನಲ್ಲಿ ಸದ್ದು ಎಲ್ಲೋ ಹುಟ್ಟಿ ಎಲ್ಲೋ ಕೇಳಿಸುತ್ತದೆ. ಪೆಡಲ್, ಕ್ರಾಂಕ್ (ಪೆಡಲ್ ತೋಳು) ಬೋಲ್ಟ್, ಚೈನ್‌ರಿಂಗ್ ಬೋಲ್ಟ್, ಸೀಟ್ ಪೋಸ್ಟ್, ಹಿಂದಿನ ಚಕ್ರದ ಬಿಗಿ, ಇಷ್ಟನ್ನೂ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿ ಮತ್ತೆ ಬಿಗಿದು ನೋಡಿ. ಆಮೇಲೂ ಉಳಿದರೆ ಬಿಬಿ ಬಿಚ್ಚಿ, ಥ್ರೆಡ್ ತೊಳೆದು, ಗ್ರೀಸ್ ಹಚ್ಚಿ, ಕಂಪನಿ ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿಯಿರಿ. ಬಹಳಷ್ಟು ಸದ್ದು ಅಲ್ಲಿಗೇ ನಿಲ್ಲುತ್ತದೆ. ಹೊಸ ಬಿಬಿ ಹಾಕಿದರೂ ಕೆಲವೇ ತಿಂಗಳಿಗೆ ಒಂದೇ ಕಡೆಯ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದೆ ಎಂದಾದರೆ ಆಗ ಶೆಲ್ಲಿನ ಮುಖದ ಮೇಲೆ ಅನುಮಾನ ಪಡಬೇಕು.

ನನ್ನ ಸೈಕಲ್ಲಿನ ಥ್ರೆಡ್ ಯಾವುದು ಎಂದು ತಿಳಿಯುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ತಪ್ಪು ಟ್ಯಾಪ್ ಹಾಕಿದರೆ ಒಂದೇ ಸುತ್ತಿಗೆ ಫ್ರೇಮ್ ಹಾಳು.

ಇಂದು ನಮ್ಮ ರಸ್ತೆಯಲ್ಲಿ ಓಡುವ ಹೆಚ್ಚಿನ ಗೇರ್ ಸೈಕಲ್‌ಗಳಲ್ಲಿ ಇರುವುದು ಇಂಗ್ಲಿಷ್ ಥ್ರೆಡ್, ಅದಕ್ಕೇ ಬಿಎಸ್‌ಎ ಎಂದೂ ಹೇಳುತ್ತಾರೆ. ಅಳತೆ 1.37 ಇಂಚು, ಇಂಚಿಗೆ 24 ಎಳೆ. ಶೆಲ್ಲಿನ ಅಗಲ 68 ಅಥವಾ 73 ಮಿ.ಮೀ. ಚೈನ್ ಇರುವ ಬಲಗಡೆ ಎಡ ಥ್ರೆಡ್ (ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯುವುದು), ಎಡಗಡೆ ಮಾಮೂಲಿ ಬಲ ಥ್ರೆಡ್. ನಮ್ಮ ದೇಶದಲ್ಲಿ ಬಿಎಸ್‌ಎ ಹೆಸರಿನ ಸೈಕಲ್ಲೂ ಇರುವುದರಿಂದ ಕೆಲವರಿಗೆ ಗೊಂದಲವಾಗುತ್ತದೆ. ಈ ಥ್ರೆಡ್ ಯಾವ ಕಂಪನಿಯ ಸೈಕಲ್ಲಿನಲ್ಲಿ ಬೇಕಾದರೂ ಇರಬಹುದು.

ಇಟಾಲಿಯನ್ ಥ್ರೆಡ್ 36 ಮಿ.ಮೀ., ಇಂಚಿಗೆ 24 ಎಳೆ, ಶೆಲ್ ಅಗಲ 70 ಮಿ.ಮೀ., ಎರಡೂ ಕಡೆ ಬಲ ಥ್ರೆಡ್. ಹಳೆಯ ಫ್ರೆಂಚ್ ಥ್ರೆಡ್ 35 ಮಿ.ಮೀ., ಎಳೆಯಿಂದ ಎಳೆಗೆ 1 ಮಿ.ಮೀ., ಎರಡೂ ಕಡೆ ಬಲ. ಅದೇ ಅಳತೆಗೆ ಬಲಗಡೆ ಎಡ ಥ್ರೆಡ್ ಮಾಡಿದರೆ ಸ್ವಿಸ್. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ರಾಲಿ ಸೈಕಲ್‌ಗಳಲ್ಲಿ ಹೆಚ್ಚಾಗಿ ಇಂಚಿಗೆ 26 ಎಳೆಯ ಥ್ರೆಡ್ ಇರುತ್ತದೆ. ತೋಟದ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ರಾಲಿ ಇದ್ದವರು ಇದನ್ನು ನೆನಪಿಡಿ: 24ರ ಟ್ಯಾಪ್ ಅದರಲ್ಲಿ ಓಡಿಸಿದರೆ ಹಳೆಯ ಎಳೆಗಳೂ ಉಳಿಯುವುದಿಲ್ಲ, ಹೊಸವೂ ಹುಟ್ಟುವುದಿಲ್ಲ. ಇತ್ತೀಚಿನ ದುಬಾರಿ ಫ್ರೇಮುಗಳಲ್ಲಿ ಟಿ47 ಬಂದಿದೆ. 47 ಮಿ.ಮೀ. ವ್ಯಾಸ, 1 ಮಿ.ಮೀ. ಎಳೆ. 2015ರಲ್ಲಿ ಅಮೆರಿಕದ ಕ್ರಿಸ್ ಕಿಂಗ್, ಆರ್ಗೊನಾಟ್ ಸೈಕಲ್ಸ್ ಸೇರಿ ಹೊರತಂದ ಅಳತೆ ಇದು.

ಮೊದಲು ಕಪ್ಪಿನ ಮೇಲಿನ ಬರಹ ಓದಿ, ಸಾಮಾನ್ಯವಾಗಿ ಅಳತೆ ಕೊರೆದಿರುತ್ತಾರೆ. ಇಲ್ಲದಿದ್ದರೆ ವರ್ನಿಯರ್‌ನಲ್ಲಿ ಶೆಲ್ಲಿನ ಅಗಲ, ಒಳವ್ಯಾಸ ಎರಡೂ ಅಳೆಯಿರಿ. ಎಳೆಗಳ ತುದಿಯಿಂದ ತುದಿಗೆ ಒಳವ್ಯಾಸ 34 ಮಿ.ಮೀ. ಒಳಗಿದ್ದರೆ ಇಂಗ್ಲಿಷ್ ಅಥವಾ ಫ್ರೆಂಚ್, 34.7 ಆಸುಪಾಸು ಇದ್ದರೆ ಇಟಾಲಿಯನ್. ಇಂಗ್ಲಿಷ್‌ಗೂ ಫ್ರೆಂಚ್‌ಗೂ ವ್ಯಾಸದಲ್ಲಿ ವ್ಯತ್ಯಾಸ ಕೈಗೆ ಸಿಗುವುದಿಲ್ಲ, ಎಳೆ ನೋಡಿಯೇ ಹೇಳಬೇಕು. ಪಿಚ್ ಗೇಜ್ (ಎಳೆಯಿಂದ ಎಳೆಗೆ ಅಂತರ ಅಳೆಯುವ ಪಟ್ಟಿ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಳತೆ ಗೊತ್ತಿರುವ ಕಪ್ಪಿನ ಥ್ರೆಡ್ಡನ್ನು ಹಳೆ ಕಪ್ಪಿನ ಥ್ರೆಡ್ಡಿಗೆ ಒತ್ತಿ ಹಿಡಿದು ಬೆಳಕಿಗೆ ನೋಡಿ. ಎಳೆಯೊಳಗೆ ಎಳೆ ಕೂತು ಬೆಳಕು ಕಾಣದಿದ್ದರೆ ಎರಡೂ ಒಂದೇ. ಇಂಚಿಗೆ 24 ಎಂದರೆ ಎಳೆಯಿಂದ ಎಳೆಗೆ 1.058 ಮಿ.ಮೀ., ಫ್ರೆಂಚ್ 1 ಮಿ.ಮೀ. ಹತ್ತು ಎಳೆ ದಾಟುವಷ್ಟರಲ್ಲಿ ಅರ್ಧ ಮಿಲಿಮೀಟರಿಗೂ ಹೆಚ್ಚು ತಪ್ಪುತ್ತದೆ, ಅದು ಬರಿಗಣ್ಣಿಗೇ ಕಾಣುತ್ತದೆ.

ಬಲಗಡೆ ಮಾತ್ರ ಎಡ ಥ್ರೆಡ್ ಯಾಕೆ?

ತುಳಿದಾಗ ಬೀಳುವ ಭಾರ ಬೇರಿಂಗಿನ ಸುತ್ತ ಸುತ್ತುತ್ತಾ ಕಪ್ಪನ್ನು ಆಕ್ಸಲ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಚೂರು ಚೂರೇ ಸರಿಸುತ್ತದೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದರೆ ಅದು ಕಪ್ಪನ್ನು ಬಿಚ್ಚುವ ದಿಕ್ಕು. ಎಡ ಥ್ರೆಡ್ ಇದ್ದರೆ ಬಿಗಿಯುವ ದಿಕ್ಕು. ಇಟಾಲಿಯನ್ ಸೈಕಲ್‌ಗಳಲ್ಲಿ ಬಲಗಡೆಯ ಕಪ್ ಲೂಸಾಗುತ್ತದೆ ಎಂಬ ದೂರು ಇರುವುದು ಇದಕ್ಕೇ. ನಮ್ಮಲ್ಲಿ ಇದರಿಂದ ಆಗುವ ಅನಾಹುತ ಬೇರೆ: ಇಂಗ್ಲಿಷ್ ಥ್ರೆಡ್ಡಿನ ಬಲಗಡೆಯ ಕಪ್ ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಅದು ಗೊತ್ತಿಲ್ಲದೆ ಪಾನಾಕ್ಕೆ ಉದ್ದನೆ ಪೈಪು ಸಿಗಿಸಿ ಉಲ್ಟಾ ಎಳೆದು ಥ್ರೆಡ್ ಕೀಳುವವರಿದ್ದಾರೆ.

ಶಾಲೆಯಲ್ಲಿ ಕೊಟ್ಟ ಸೈಕಲ್, ಕಾಟರ್ ಪಿನ್ ಸೈಕಲ್‌ಗಳಿಗೂ ಇದೆಲ್ಲ ಅನ್ವಯವಾಗುತ್ತಾ?

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಅಂಥ ಸೈಕಲ್ ಸಿಗುತ್ತದೆ. ಅಕ್ಕ ಓದು ಮುಗಿಸಿದ ಮೇಲೆ ತಮ್ಮ, ಆಮೇಲೆ ತೋಟಕ್ಕೆ ಹೋಗುವ ಅಪ್ಪ ಅದನ್ನೇ ತುಳಿಯುತ್ತಾರೆ. ಹಾಗಾಗಿ ಅದರ ಥ್ರೆಡ್ ಉಳಿಸುವುದು ದುಬಾರಿ ಸೈಕಲ್ಲಿನಷ್ಟೇ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂಥ ಸೈಕಲ್ಲಿನಲ್ಲಿ ಬಲಗಡೆ ಫಿಕ್ಸ್ ಕಪ್, ಎಡಗಡೆ ಅಡ್ಜಸ್ಟ್ ಕಪ್, ಅದರ ಮೇಲೆ ಲಾಕ್ ರಿಂಗ್. ಒಳಗೆ ಬಿಡಿ ಬಾಲ್ಸ್, ಸಾಮಾನ್ಯವಾಗಿ ಕಾಲು ಇಂಚಿನವು, ಒಂದೊಂದು ಬದಿಗೆ 11ರಂತೆ. ಎಡಗಡೆಯ ಕಪ್ಪನ್ನು ಬೇಕಾದಷ್ಟು ಬಿಗಿದು ಆಟ ತೆಗೆಯಬಹುದಾದ್ದರಿಂದ ಶೆಲ್ಲಿನ ಮುಖ ಚೂರು ಓರೆಯಿದ್ದರೂ ನಡೆಯುತ್ತದೆ. ಫೇಸಿಂಗ್ ಬೇಡವೇ ಬೇಡ. ಥ್ರೆಡ್ ಮಾತ್ರ ಶುದ್ಧವಾಗಿರಬೇಕು. ಚಾಣ, ಸುತ್ತಿಗೆ ಹಿಡಿದು ಕಪ್ ಹೊಡೆದು ತಿರುಗಿಸುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಕಪ್ಪಿನ ಅಂಚು ಮುರಿದರೆ ಕಪ್ ಹೊಸದು ಸಿಗುತ್ತದೆ, ಓರೆಯಾಗಿ ಕೂತ ಕಪ್ ಕಿತ್ತ ಎಳೆ ಸಿಗುವುದಿಲ್ಲ. ಇನ್ನು, ಎರಡು ಪೆಡಲ್ ತೋಳೂ ಆಕ್ಸಲ್ಲೂ ಒಂದೇ ಕಬ್ಬಿಣದ ಕಂಬಿಯಾಗಿರುವ ಸಣ್ಣ ಮಕ್ಕಳ ಸೈಕಲ್ಲಿನಲ್ಲಿ ಶೆಲ್ಲಿಗೆ ಥ್ರೆಡ್ಡೇ ಇರುವುದಿಲ್ಲ, ಕಪ್ಪುಗಳನ್ನು ಬಡಿದೇ ಕೂರಿಸಿರುತ್ತಾರೆ.

ಟ್ಯಾಪ್ ಸೆಟ್ಟಿನಲ್ಲಿ ಏನೇನಿರುತ್ತದೆ? ಬರೀ ಒಂದು ದೊಡ್ಡ ಟ್ಯಾಪ್ ಸಾಲದಾ?

ಎರಡು ಹಿಡಿಕೆ, ಎರಡು ಟ್ಯಾಪ್ (ಒಂದು ಎಡ, ಒಂದು ಬಲ), ಒಂದು ಫೇಸಿಂಗ್ ಕಟ್ಟರ್, ಇವನ್ನೆಲ್ಲ ಒಂದೇ ಗೆರೆಯಲ್ಲಿ ಹಿಡಿಯುವ ಶಾಫ್ಟ್. ಆ ಶಾಫ್ಟೇ ಈ ಸೆಟ್ಟಿನ ಪ್ರಾಣ. ಒಂದು ಬದಿಯ ಹಿಡಿಕೆಯ ಶಾಫ್ಟ್ ಇನ್ನೊಂದು ಬದಿಯ ಟ್ಯಾಪಿನೊಳಗೆ ಹಾಯುತ್ತದೆ, ಹಾಗಾಗಿ ಎರಡು ಕಡೆಯ ಥ್ರೆಡ್ ಒಂದೇ ನಡುಗೆರೆಯ ಮೇಲೆ ಬರುತ್ತದೆ. ಬಿಡಿ ಟ್ಯಾಪಿನಲ್ಲಿ ಬಲಗಡೆ ಬೇರೆ, ಎಡಗಡೆ ಬೇರೆ ಕತ್ತರಿಸಿದರೆ ಎರಡೂ ಥ್ರೆಡ್ ಚೆನ್ನಾಗಿಯೇ ಕಾಣಬಹುದು, ಆದರೆ ಒಂದನ್ನೊಂದು ನೋಡುತ್ತಿರುವುದಿಲ್ಲ.

ಕೆಲಸ ನಡೆಯುವ ಕ್ರಮ ಹೇಗೆ? ಕೊಟ್ಟು ಬಂದರೆ ಏನು ಮಾಡುತ್ತಾರೆ ಎಂದು ತಿಳಿದಿರಬೇಕು.

ಕೇಳಬೇಕಾದ್ದೇ. ಮೊದಲು ಫ್ರೇಮನ್ನು ಸ್ಟ್ಯಾಂಡಿಗೆ ಗಟ್ಟಿಯಾಗಿ ಹಿಡಿಸಿ, ಶೆಲ್ಲಿನ ಒಳಗನ್ನು ಸೀಮೆಎಣ್ಣೆ, ಬ್ರಷ್ ಹಾಕಿ ತೊಳೆಯಬೇಕು. ಒಣಗಿದ ಮಣ್ಣು ಟ್ಯಾಪಿನ ಹಲ್ಲಿಗೆ ಮರಳುಕಾಗದ ಇದ್ದ ಹಾಗೆ. ಆಮೇಲೆ ಶೆಲ್ಲಿನ ಕೆಳಗೆ ಗೇರ್ ಕೇಬಲ್ ಹಾಯುವ ಪ್ಲಾಸ್ಟಿಕ್ ತುಂಡನ್ನು ಹಿಡಿದ ಸ್ಕ್ರೂ ಬಿಚ್ಚಬೇಕು. ಇದನ್ನು ಮರೆಯುವವರು ಬಹಳ. ಆ ಸ್ಕ್ರೂ ಉದ್ದವಿದ್ದರೆ ಅದರ ತುದಿ ಶೆಲ್ಲಿನೊಳಗೆ ಇಣುಕುತ್ತಿರುತ್ತದೆ, ಟ್ಯಾಪ್ ಹೋಗಿ ಅದಕ್ಕೇ ಬಡಿದರೆ ಹಲ್ಲು ಮುರಿಯುತ್ತದೆ. ಸೀಟ್ ಟ್ಯೂಬ್, ಚೈನ್ ಸ್ಟೇ ಬಾಯಿಗಳಿಗೆ ಬಟ್ಟೆ ತುರುಕಿದರೆ ಲೋಹದ ಚೂರು ಪೈಪಿನೊಳಗೆ ಹೋಗುವುದಿಲ್ಲ.

ಎಡ ಥ್ರೆಡ್ಡಿನ ಟ್ಯಾಪ್ ಚೈನ್ ಕಡೆಗೆ ಹೋಗಬೇಕು. ಟ್ಯಾಪಿನ ಮೇಲೆ ಕೊರೆದ ಅಕ್ಷರವನ್ನಷ್ಟೇ ನಂಬಬೇಡಿ. ಆ ಅಕ್ಷರ ಸೈಕಲ್ಲಿನ ಬದಿಯನ್ನು ಹೇಳುತ್ತಿದೆಯೋ ಥ್ರೆಡ್ಡಿನ ದಿಕ್ಕನ್ನು ಹೇಳುತ್ತಿದೆಯೋ ಎಂಬ ಗೊಂದಲ ಉಳಿಯುತ್ತದೆ. ಎಳೆ ಯಾವ ಕಡೆ ಇಳಿಯುತ್ತಿದೆ ಎಂದು ಕಣ್ಣಿನಲ್ಲಿ ನೋಡಿ. ಎರಡೂ ಬದಿಯ ಟ್ಯಾಪುಗಳನ್ನು ಶಾಫ್ಟಿನ ಮೇಲೆ ಜೋಡಿಸಿ, ಎರಡನ್ನೂ ಬೆರಳಿನಲ್ಲೇ ಹಿಡಿದು ಮೊದಲ ಎಳೆಗೆ ಕೂರಿಸಬೇಕು. ಇದ್ದ ಥ್ರೆಡ್ಡನ್ನು ಶುದ್ಧ ಮಾಡುವಾಗ ಟ್ಯಾಪ್ ಹಳೆಯ ದಾರಿಯನ್ನೇ ಹಿಡಿದಿದೆ ಎಂಬುದು ಕೈಗೆ ತಿಳಿಯುತ್ತದೆ. ಸಡಿಲವಾಗಿ ಜಾರಿ ಒಳಗಿಳಿಯುತ್ತದೆ. ಆರಂಭದಲ್ಲೇ ಬಲ ಕೇಳಿದರೆ ಹೊಸ ದಾರಿ ಕೊರೆಯುತ್ತಿದೆ ಎಂದರ್ಥ, ತಕ್ಷಣ ಹೊರತೆಗೆಯಬೇಕು.

ನಂತರ ಎಣ್ಣೆ ಧಾರಾಳವಾಗಿ ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಸಾಗಬೇಕು. ಹಿಂದೆ ತಿರುಗಿಸಿದಾಗ ಚೂರು ಕಡಿದು ಬೀಳುತ್ತದೆ. ತುಕ್ಕು ಹಿಡಿದ ಕಬ್ಬಿಣದ ಫ್ರೇಮಿನಲ್ಲಿ ಮೊದಲು ಎಣ್ಣೆಯ ಜೊತೆ ಇಳಿಯುವುದು ಕಂದು ರಾಡಿ. ಸ್ವಲ್ಪ ಹೊತ್ತಿಗೆ ಅದರಲ್ಲಿ ಬೆಳ್ಳಗಿನ ಸಣ್ಣ ಸುರುಳಿಗಳು ಮಿನುಗಲು ಶುರುವಾಗುತ್ತವೆ. ಅಲ್ಲಿಂದಾಚೆ ನೀವು ತುಕ್ಕನ್ನು ದಾಟಿ ಒಳ್ಳೆಯ ಲೋಹ ಕತ್ತರಿಸುತ್ತಿದ್ದೀರಿ. ಥ್ರೆಡ್ ಶುದ್ಧವಾಗಿದ್ದರೆ ಅಲ್ಲಿಗೆ ಸಾಕು. ಕಪ್ಪಿನ ಥ್ರೆಡ್ ಎಷ್ಟು ಉದ್ದವೋ ಅಷ್ಟು ಆಳ ಹೋದರೆ ಮುಗಿಯಿತು, ಇನ್ನೂ ಆಳಕ್ಕೆ ಹೋಗಿ ಪ್ರಯೋಜನವಿಲ್ಲ.

ಯಾವ ಎಣ್ಣೆ ಬಳಸಬೇಕು?

ಕಬ್ಬಿಣಕ್ಕೆ, ಉಕ್ಕಿಗೆ ಲೇತ್‌ನವರು ಬಳಸುವ ಗಂಧಕ ಬೆರೆತ ಕಟಿಂಗ್ ಆಯಿಲ್ ಒಳ್ಳೆಯದು. ಅಲ್ಯುಮಿನಿಯಂಗೆ ಸೀಮೆಎಣ್ಣೆ, ಅಥವಾ ತೆಳುವಾದ ಕಟಿಂಗ್ ಆಯಿಲ್. ಹಳೆಯ ಇಂಜಿನ್ ಆಯಿಲ್ ಬೇಡ, ಅದು ಜಾರಿಸುತ್ತದೆ, ಕತ್ತರಿಸಲು ನೆರವಾಗುವುದಿಲ್ಲ. ಕಟಿಂಗ್ ಆಯಿಲ್ ಸಿಗದ ಹಳ್ಳಿಯಲ್ಲಿ ಕೊಬ್ಬರಿ ಎಣ್ಣೆಯಿಂದ ಕಬ್ಬಿಣದ ಥ್ರೆಡ್ ಶುದ್ಧ ಮಾಡಬಹುದು. ಒಣಗಿದ ಟ್ಯಾಪ್ ಮಾತ್ರ ಯಾವತ್ತೂ ಓಡಿಸಬಾರದು.

ಫೇಸಿಂಗ್ ಯಾರಿಗೆ ನಿಜವಾಗಿ ಬೇಕು?

ಬೇರಿಂಗ್ ಶೆಲ್ಲಿನ ಹೊರಗೆ ಇರುವವರಿಗೆ. ಶಿಮಾನೊದ ಹಾಲೋಟೆಕ್ 2 ಥರದ ಕ್ರಾಂಕುಗಳಲ್ಲಿ 24 ಮಿ.ಮೀ. ಆಕ್ಸಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುತ್ತದೆ, ಬೇರಿಂಗ್ ಕಪ್ಪುಗಳು ಶೆಲ್ಲಿನ ಮುಖಕ್ಕೆ ಒತ್ತಿ ಕೂರುತ್ತವೆ. ಮುಖ ಓರೆಯಿದ್ದರೆ ಕಪ್ ಬಿಗಿದಾಗ ಥ್ರೆಡ್ಡಿನ ಸಣ್ಣ ಸಡಿಲಿನಲ್ಲೇ ವಾಲಿ ಕೂರುತ್ತದೆ. ಆಕ್ಸಲ್ ಹಾಕಿದಾಗ ತಿರುಗುತ್ತದೆ, ಆದರೆ ಬೇರಿಂಗಿಗೆ ಅಡ್ಡ ಒತ್ತಡ ಬಿದ್ದು ಬೇಗ ಹೋಗುತ್ತದೆ. ಹಳೆಯ ಚೌಕ ಆಕ್ಸಲ್ಲಿನ ಸೀಲ್ಡ್ ಕಾರ್ಟ್ರಿಜ್ ಬಿಬಿಯಲ್ಲಿ ಎರಡೂ ಬೇರಿಂಗ್ ಒಂದೇ ಕೊಳವೆಯೊಳಗೆ ಕೂತು ಬಂದಿರುತ್ತವೆ, ಶೆಲ್ಲಿನ ಮುಖಕ್ಕೆ ಅವುಗಳ ನೇರವನ್ನು ಕೆಡಿಸುವ ಶಕ್ತಿ ಇಲ್ಲ. ಅಂಥವರು ಫೇಸಿಂಗಿಗೆ ದುಡ್ಡು ಹಾಕುವುದು ಬೇಡ.

ಬೇಕೋ ಬೇಡವೋ ನೋಡಲು ಶೆಲ್ಲಿನ ಮುಖಕ್ಕೆ ಸುತ್ತಲೂ ಕಪ್ಪು ಮಾರ್ಕರ್ ಪೆನ್ ಬಳಿಯಿರಿ. ಕಟ್ಟರ್ ಕೂರಿಸಿ, ಅಂಗೈಯ ಒತ್ತಡದಲ್ಲಿ ಒಂದೆರಡು ಸುತ್ತು ತಿರುಗಿಸಿ ತೆಗೆಯಿರಿ. ಸುತ್ತಲೂ ಬಣ್ಣ ಒಂದೇ ಸಮ ಹೋಗಿದ್ದರೆ ಮುಖ ಸರಿಯಿದೆ, ಅಲ್ಲಿಗೇ ಬಿಡಿ. ಒಂದು ಕಡೆ ಅರ್ಧಚಂದ್ರದಷ್ಟು ಮಾತ್ರ ಲೋಹ ಹೊಳೆದು ಉಳಿದ ಕಡೆ ಕಪ್ಪು ಬಣ್ಣ ಹಾಗೇ ಇದ್ದರೆ ಓರೆಯಿದೆ. ಆ ಅರ್ಧಚಂದ್ರ ಸುತ್ತಿ ಬಂದು ಪೂರ್ತಿ ಉಂಗುರವಾಗುವವರೆಗೆ ಹೆರೆಯಬೇಕು. ಉಂಗುರ ಪೂರ್ತಿಯಾದ ಕೂಡಲೇ ನಿಲ್ಲಿಸಬೇಕು.

ಟ್ಯಾಪಿಂಗ್ ಆದ ಮೇಲೆಯೇ ಫೇಸಿಂಗ್, ಏಕೆಂದರೆ ಕಟ್ಟರಿಗೆ ನೇರ ಸಿಗುವುದು ಥ್ರೆಡ್ಡಿನಿಂದ. ಕಟ್ಟರನ್ನು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಟ್ಯಾಪಿನ ಹಾಗೆ ಹಿಂದೆ ಮುಂದೆ ಆಡಿಸಿದರೆ ಅಲಗು ಮೊಂಡಾಗುತ್ತದೆ. ಕೊನೆಯ ಸುತ್ತುಗಳಲ್ಲಿ ತಿರುಗಿಸುತ್ತಲೇ ಒತ್ತಡ ಬಿಡುತ್ತಾ ಬಂದರೆ ಮೆಟ್ಟಿಲು ಉಳಿಯುವುದಿಲ್ಲ. ಮುಖದ ಮೇಲೆ ದಪ್ಪ ಪೇಂಟಿದ್ದರೆ ಮೊದಲೇ ಅದನ್ನು ಕೆರೆದು ತೆಗೆಯಿರಿ. ಕ್ರೋಮ್ ಲೇಪನವಿರುವ ಶೆಲ್ಲಿಗೆ ಕಟ್ಟರ್ ಇಡುವ ಮುಂಚೆ ಎರಡು ಸಲ ಯೋಚಿಸಿ. ಕ್ರೋಮ್ ಬಹಳ ಗಡುಸು, ಅಲಗನ್ನೇ ತಿನ್ನುತ್ತದೆ. ಅರ್ಧ ಮಿಲಿಮೀಟರಿಗಿಂತ ಹೆಚ್ಚು ತೆಗೆಯಬೇಕಾಗಿ ಬಂದರೆ ಫೇಸಿಂಗ್ ನಿಲ್ಲಿಸಿ ಫ್ರೇಮಿನ ನೇರವನ್ನೇ ಪರೀಕ್ಷಿಸಬೇಕು ಎಂದು ನಾನು ಹೇಳುತ್ತೇನೆ.

ಅರ ಹಾಕಿ ಉಜ್ಜಿದರೆ ಆಗುವುದಿಲ್ಲವಾ?

ಹನಿಯಷ್ಟು ಉಬ್ಬಿದ ಪೇಂಟ್ ತೆಗೆಯಲು ಆಗುತ್ತದೆ. ಮುಖ ನೇರ ಮಾಡಲು ಆಗುವುದಿಲ್ಲ.

ಟ್ಯಾಪ್ ಸೆಟ್ ಇಲ್ಲದ ಊರಿನಲ್ಲಿ ಏನು ದಾರಿ?

ಕಬ್ಬಿಣದ ಫ್ರೇಮಿಗೆ ಒಂದು ಒಳ್ಳೆಯ ಉಪಾಯವಿದೆ. ಅದೇ ಅಳತೆಯ ಹಳೆಯ ಉಕ್ಕಿನ ಕಪ್ ತೆಗೆದುಕೊಂಡು ಅದರ ಥ್ರೆಡ್ಡಿಗೆ ಅಡ್ಡಲಾಗಿ ಮೂರು ನಾಲ್ಕು ಕಡೆ ಗರಗಸ ಅಥವಾ ಸಣ್ಣ ಗ್ರೈಂಡರಿನಲ್ಲಿ ಸೀಳು ಕೊರೆಯಿರಿ. ಸೀಳಿನ ಅಂಚುಗಳು ಹಲ್ಲಾಗುತ್ತವೆ, ಕಿತ್ತ ಕೊಳೆ ಸೀಳಿನೊಳಗೆ ಸೇರುತ್ತದೆ. ಎಣ್ಣೆ ಹಾಕಿ ಮೆಲ್ಲನೆ ಓಡಿಸಿದರೆ ಪೇಂಟ್, ತುಕ್ಕು, ಒಂದೆರಡು ಮಡಚಿದ ಎಳೆ ಸರಿಯಾಗುತ್ತವೆ. ಶಾಲೆ ಸೈಕಲ್ ರಿಪೇರಿ ಮಾಡುವ ಪ್ರತಿ ಅಂಗಡಿಯಲ್ಲೂ ಇಂಥದೊಂದು ಎಡ, ಒಂದು ಬಲ ಮಾಡಿಟ್ಟುಕೊಳ್ಳಬೇಕು. ಖರ್ಚು ಇಲ್ಲವೇ ಇಲ್ಲ. ಆದರೆ ಇದು ಹೊಸ ಥ್ರೆಡ್ ಕತ್ತರಿಸುವುದಿಲ್ಲ, ಎರಡು ಬದಿಯನ್ನು ಒಂದು ಗೆರೆಗೂ ತರುವುದಿಲ್ಲ.

ನಮ್ಮ ಕಡೆ ಇಷ್ಟೊಂದು ಲೇತ್ ಶಾಪ್ ಇವೆ, ಅವರೇ ಮಾಡಿಕೊಡಲಾರರಾ?

ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಂದಿನಿಂದ ಈ ಜಿಲ್ಲೆಯಲ್ಲಿ ಲೋಹದ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನುರಿತ ಟರ್ನರ್‌ಗಳಿದ್ದಾರೆ. ತೊಡಕಿರುವುದು ಕೌಶಲದಲ್ಲಿ ಅಲ್ಲ. ಇಡೀ ಫ್ರೇಮನ್ನು ಸಾಮಾನ್ಯ ಲೇತಿಗೆ ಕಟ್ಟಿ ತಿರುಗಿಸಲು ಜಾಗವಿಲ್ಲ, 1.37 ಇಂಚಿನ ಎಡ ಟ್ಯಾಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಸ್ತುವೂ ಅಲ್ಲ. ಅವರಿಂದ ಪಡೆಯಬಹುದಾದ ನೆರವು ಬೇರೆ ಇದೆ: ಶಾಫ್ಟ್, ಅಳತೆಗೆ ತಕ್ಕ ಬುಷ್, ಸ್ಪೇಸರ್, ಸಿಕ್ಕಿಕೊಂಡ ಕಪ್ ಎಳೆಯುವ ಟೂಲ್. ಸೈಕಲ್ ಅಂಗಡಿಯವರೂ ಲೇತ್‌ನವರೂ ಪರಿಚಯ ಇಟ್ಟುಕೊಂಡರೆ ಇಬ್ಬರಿಗೂ ಒಳ್ಳೆಯದು.

ಥ್ರೆಡ್ ಪೂರ್ತಿ ಕಿತ್ತು ಹೋಗಿದೆ. ಫ್ರೇಮ್ ಗುಜರಿಗೇ ಹಾಕಬೇಕಾ?

ಅವಸರ ಬೇಡ. ಇಂಗ್ಲಿಷ್ ಥ್ರೆಡ್ ಹೋದ ಕಬ್ಬಿಣದ ಶೆಲ್ಲನ್ನು ಸ್ವಲ್ಪ ಅಗಲಿಸಿ 36 ಮಿ.ಮೀ. ಇಟಾಲಿಯನ್ ಥ್ರೆಡ್ ಹಾಕಬಹುದು. ಆಗ ಬಿಬಿಯನ್ನೂ ಇಟಾಲಿಯನ್ ಕೊಳ್ಳಬೇಕು, 68 ಮತ್ತು 70ರ ನಡುವಿನ 2 ಮಿ.ಮೀ. ವ್ಯತ್ಯಾಸಕ್ಕೆ ಸ್ಪೇಸರ್ ಲೆಕ್ಕ ಹಾಕಬೇಕು. ಶೆಲ್ಲಿನ ಗೋಡೆ ತೆಳ್ಳಗಿದ್ದರೆ ಇದು ಬೇಡ. ಇನ್ನೊಂದು ದಾರಿ ಥ್ರೆಡ್ ಬೇಡದ ಕಾರ್ಟ್ರಿಜ್. ಅದರ ಎರಡು ಅರ್ಧಗಳು ಶೆಲ್ಲಿನೊಳಗೆ ಒಂದಕ್ಕೊಂದು ತಿರುಗಿ ಬಿಗಿದು ಎರಡೂ ಬಾಯಿಗೆ ಒತ್ತಿ ಹಿಡಿದುಕೊಳ್ಳುತ್ತವೆ. ಸಾಮಾನ್ಯ ಸವಾರಿಗೆ ಇದು ಚೆನ್ನಾಗಿ ನಡೆಯುತ್ತದೆ, ಖರ್ಚೂ ಕಡಿಮೆ. ಕಪ್ಪನ್ನು ಶೆಲ್ಲಿಗೆ ವೆಲ್ಡ್ ಹೊಡೆಸುವುದು ಮಾತ್ರ ಬೇಡ. ಮುಂದಿನ ಸಲ ಬೇರಿಂಗ್ ಹೋದಾಗ ಯಾವ ದಾರಿಯೂ ಇರುವುದಿಲ್ಲ.

ಕಾರ್ಬನ್, ಟೈಟಾನಿಯಂ, ಪ್ರೆಸ್‌ಫಿಟ್ ಫ್ರೇಮುಗಳಿಗೆ?

ಕಾರ್ಬನ್ ಫ್ರೇಮಿನಲ್ಲಿ ಥ್ರೆಡ್ ಇರುವುದು ಅಂಟಿಸಿ ಕೂರಿಸಿದ ಅಲ್ಯುಮಿನಿಯಂ ಒಳಕೊಳವೆಯಲ್ಲಿ. ಟ್ಯಾಪಿನ ಬಲಕ್ಕೆ ಅಂಟು ಬಿಟ್ಟರೆ ಆ ಕೊಳವೆಯೇ ತಿರುಗುತ್ತದೆ. ಬ್ರಷ್ ಹಾಕಿ ತೊಳೆಯುವುದಕ್ಕಿಂತ ಮುಂದೆ ಹೋಗಬೇಡಿ. ಟೈಟಾನಿಯಂ ಟ್ಯಾಪಿಗೆ ಅಂಟಿಕೊಂಡು ಹರಿಯುವ ಲೋಹ. ಚೂಪಾದ ಟ್ಯಾಪ್, ಧಾರಾಳ ಎಣ್ಣೆ, ನಿಧಾನದ ಕೈ ಇಲ್ಲದಿದ್ದರೆ ಮುಟ್ಟಬಾರದು. ಪ್ರೆಸ್‌ಫಿಟ್‌ಗೆ ಥ್ರೆಡ್ಡೇ ಇಲ್ಲ, ಬೇರಿಂಗ್ ಒತ್ತಿ ಕೂರಿಸಿರುತ್ತಾರೆ. ಆದರೆ 46 ಮಿ.ಮೀ. ಒಳವ್ಯಾಸದ ಪಿಎಫ್30 (ಪ್ರೆಸ್‌ಫಿಟ್‌ನ ಒಂದು ಅಳತೆ) ಶೆಲ್ ಲೋಹದ್ದಾಗಿದ್ದು ಗೋಡೆ ದಪ್ಪವಿದ್ದರೆ ಅದಕ್ಕೆ ಟಿ47 ಥ್ರೆಡ್ ಹಾಕಲು ಸಾಧ್ಯ. ಆ ಅಳತೆ ಹುಟ್ಟಿದ್ದರ ಹಿಂದೆ ಈ ಲೆಕ್ಕವೂ ಇತ್ತು.

ಕತ್ತರಿಸಿದ ಮೇಲೆ ನಮ್ಮ ಮಳೆಗೆ ಏನು ಜಾಗ್ರತೆ?

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಹೊಸದಾಗಿ ಕತ್ತರಿಸಿದ ಉಕ್ಕಿಗೆ ಮಳೆ ತಾಗಲೇಬೇಕೆಂದಿಲ್ಲ, ಆಷಾಢದ ಗಾಳಿ ಸಾಕು, ರಾತ್ರಿ ಕಳೆಯುವುದರೊಳಗೆ ಕೆಂಪಗಾಗುತ್ತದೆ. ಚೂರುಗಳನ್ನು ಬಟ್ಟೆಯಿಂದ ಒರೆಸಿ, ಉಕ್ಕಾದರೆ ಅಯಸ್ಕಾಂತದಿಂದ ಎತ್ತಿ, ತುರುಕಿದ ಬಟ್ಟೆಗಳನ್ನು ಹೊರಗೆಳೆದು, ಅದೇ ಹೊತ್ತಿಗೆ ಥ್ರೆಡ್ಡಿಗೂ ಮುಖಕ್ಕೂ ಗ್ರೀಸ್ ಹಚ್ಚಿಬಿಡಿ. ಉಕ್ಕಿನ ಫ್ರೇಮಿಗೆ ಅಲ್ಯುಮಿನಿಯಂ ಕಪ್ ಹಾಕುವುದಾದರೆ ಗ್ರೀಸಿನ ಬದಲು ಆಂಟಿ ಸೀಜ್ ಪೇಸ್ಟ್ ಹಚ್ಚುವುದು ಉತ್ತಮ. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಕಪ್ ಶೆಲ್ಲಿಗೆ ಕಚ್ಚಿಕೊಂಡುಬಿಡುತ್ತದೆ.

ಹಾಲೋಟೆಕ್ 2 ಕಪ್ಪುಗಳಿಗೆ ಶಿಮಾನೊ ಹೇಳುವ ಬಿಗಿ 35ರಿಂದ 50 ನ್ಯೂಟನ್ ಮೀಟರ್, ಚೌಕ ಆಕ್ಸಲ್ಲಿನ ಕಾರ್ಟ್ರಿಜ್‌ಗೆ 50ರಿಂದ 70. ಶೆಲ್ಲಿನ ಕೆಳಗೆ ನೀರು ಹರಿಯುವ ಸಣ್ಣ ತೂತಿದ್ದರೆ ಅದರ ಮಣ್ಣು ತೆಗೆದು ತೆರೆದಿಡಿ. ಧೋ ಎಂದು ಸುರಿದ ದಿನ ಮನೆಗೆ ಬಂದ ಮೇಲೆ ಸೀಟ್ ಪೋಸ್ಟ್ ಎತ್ತಿ ಸೈಕಲನ್ನು ತಲೆಕೆಳಗೆ ಮಾಡಿದರೆ ಎಷ್ಟು ನೀರು ಹೊರಬರುತ್ತದೆ ಎಂದು ನೋಡಿ, ಬಿಬಿ ಯಾಕೆ ಹೋಗುತ್ತದೆ ಎಂಬುದಕ್ಕೆ ಬೇರೆ ಉತ್ತರ ಬೇಡ. ಟ್ಯಾಪಿಂಗ್ ಕೆಲಸವಿದ್ದರೆ ಮೃಗಶಿರಾ ಮಳೆ ಹಿಡಿಯುವುದರೊಳಗೆ, ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.

ಸೆಟ್ ಕೊಳ್ಳುವುದಾದರೆ ಯಾವುದು?

ಅಮೆರಿಕದ ಪಾರ್ಕ್ ಟೂಲ್, ಜರ್ಮನಿಯ ಸೈಕ್ಲಸ್, ಸ್ಲೊವೇನಿಯಾದ ಯೂನಿಯರ್, ಫ್ರಾನ್ಸಿನ ವಾರ್, ತೈವಾನಿನ ಐಸ್‌ಟೂಲ್ಸ್ ಇಂಥ ಸೆಟ್‌ಗಳನ್ನು ಮಾಡುತ್ತವೆ. ಇಟಲಿಯ ಕ್ಯಾಂಪನೋಲೊದ ಹಳೆಯ ಸೆಟ್‌ಗಳನ್ನು ಇಂದಿಗೂ ಜೋಪಾನವಾಗಿ ಬಳಸುವವರಿದ್ದಾರೆ. ಒಳ್ಳೆಯ ಸೆಟ್ಟಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಒಬ್ಬ ಸವಾರ ತನ್ನೊಂದು ಸೈಕಲ್ಲಿಗಾಗಿ ಇದನ್ನು ಕೊಳ್ಳುವುದಕ್ಕೆ ಅರ್ಥವಿಲ್ಲ. ಊರಿನ ಸವಾರರು, ಒಂದೆರಡು ಅಂಗಡಿಯವರು ಸೇರಿ ಒಂದು ಸೆಟ್ ಇಟ್ಟುಕೊಳ್ಳಬೇಕು ಎಂಬುದು ನನ್ನ ಆಸೆ. ಕೊಳ್ಳುವಾಗ ಟ್ಯಾಪ್ ಬಿಡಿಯಾಗಿ ಸಿಗುತ್ತದೆಯೇ, ಹರಿತ ಮಾಡಿಸಬಹುದೇ ಎಂದು ಕೇಳಿ. ಬರೀ ಇಂಗ್ಲಿಷ್ ಅಳತೆಯ ಸೆಟ್ ನಮ್ಮ ಕಡೆಗೆ ಸಾಕು, ಇಟಾಲಿಯನ್ ಟ್ಯಾಪ್ ಆಮೇಲೆ ಸೇರಿಸಿಕೊಳ್ಳಬಹುದು.

ಟೂಲನ್ನು ನಮ್ಮ ತೇವದಲ್ಲಿ ಕಾಪಾಡುವುದು ಹೇಗೆ?

ಟ್ಯಾಪ್, ಕಟ್ಟರ್‌ಗಳನ್ನು ಹೈ ಸ್ಪೀಡ್ ಸ್ಟೀಲಿನಿಂದ ಮಾಡಿರುತ್ತಾರೆ. ಗಡುಸು ಹೌದು, ತುಕ್ಕು ಹಿಡಿಯುವುದಿಲ್ಲ ಎಂದಲ್ಲ. ಹಲ್ಲಿನ ತುದಿಗೆ ಹತ್ತಿದ ತುಕ್ಕು ಹರಿತವನ್ನೇ ತಿನ್ನುತ್ತದೆ. ಬಳಸಿದ ಮೇಲೆ ಹಲ್ಲಿನ ಸಂದಿಯ ಚೂರುಗಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದು, ಎಣ್ಣೆ ಬಳಿದು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಎಣ್ಣೆ ಕಾಗದದಲ್ಲಿ ಸುತ್ತಿಡಿ. ಒಂದಕ್ಕೊಂದು ತಾಗಿದರೆ ಅಲಗು ಚಕ್ಕೆ ಏಳುತ್ತದೆ. ಟೂಲ್ ಎರವಲು ಕೊಡುವುದಾದರೆ ಟೂಲ್ ಜೊತೆ ಅದನ್ನು ಬಳಸಬಲ್ಲವರೂ ಹೋಗಲಿ, ಅಥವಾ ಫ್ರೇಮೇ ಟೂಲ್ ಇರುವಲ್ಲಿಗೆ ಬರಲಿ. ಫ್ರೇಮ್ ತರುವವರು ಚೈನ್, ಕ್ರಾಂಕ್, ಹಳೆ ಬಿಬಿ ಬಿಚ್ಚಿ, ಶೆಲ್ ತೊಳೆದು ಒಣಗಿಸಿ ತನ್ನಿ. ಹಾಕಬೇಕಾದ ಹೊಸ ಬಿಬಿಯನ್ನೂ ಜೊತೆಗೆ ತಂದರೆ ಟ್ಯಾಪ್ ಮುಟ್ಟುವ ಮೊದಲೇ ಬೆರಳಿನಲ್ಲಿ ತಿರುಗಿಸಿ ನೋಡಬಹುದು.